ಯಾವ ಆಸ್ಪತ್ರೆ ಅಂತ ಕೇಳೋಕೆ ಮುಂಚೆ

ನಮ್ಮ ಕಡೆ ಯಾರಿಗಾದ್ರೂ ಕ್ಯಾನ್ಸರ್ ಅಂತ ಗೊತ್ತಾದ್ರೆ ಸಾಕು, ಮೊದಲು ಬರೋ ಪ್ರಶ್ನೆ "ಎಲ್ಲಿಗೆ ಕರ್ಕೊಂಡು ಹೋಗ್ತೀರಾ?" ಅನ್ನೋದು. ಯಾವ ಕ್ಯಾನ್ಸರು, ಎಷ್ಟು ಹರಡಿದೆ, ಚೂರು ತೆಗೆದು ಪರೀಕ್ಷೆ ಮಾಡೋ ಬಯಾಪ್ಸಿಲಿ ಏನ್ ಬಂತು, ಇದೆಲ್ಲಾ ಆಮೇಲೆ, ಕೆಲವು ಮನೆಗಳಲ್ಲಂತೂ ಕೇಳೋದೇ ಇಲ್ಲ. ಹಾಸನದಿಂದ ಹೊರಟ್ರೆ ದಾರಿ ಮೂರು. ಬೆಂಗಳೂರು, ಮೈಸೂರು, ಇಲ್ಲಾ ಘಾಟಿ ಇಳಿದು ಮಂಗಳೂರು ಮಣಿಪಾಲ. ನೆಂಟರು ಎಲ್ಲಿದ್ದಾರೆ ಅನ್ನೋದರ ಮೇಲೆ ದಾರಿ ತೀರ್ಮಾನ ಆಗುತ್ತೆ, ಮಗ ಬೆಂಗಳೂರಲ್ಲಿದ್ರೆ ಬೆಂಗಳೂರು, ಮಗಳನ್ನ ಮೈಸೂರಿಗೆ ಕೊಟ್ಟಿದ್ರೆ ಮೈಸೂರು. ಇದರಲ್ಲಿ ತಪ್ಪೇನಿಲ್ಲ. ಕೀಮೋ ಅಂದ್ರೆ ಎಷ್ಟೋ ಸಲ ಮೂರು ವಾರಕ್ಕೊಂದು ಸಲ ಹೋಗ್ಬೇಕು, ರೇಡಿಯೇಷನ್ ಅಂದ್ರೆ ವಾರಕ್ಕೆ ಐದು ದಿನ, ಉಳ್ಕೊಳ್ಳೋಕೆ ಒಂದು ಮನೆ, ಗಂಜಿ ಕಾಯಿಸಿಕೊಡೋರು ಒಬ್ರು ಬೇಕೇ ಬೇಕು. ಮಳೆಗಾಲದಲ್ಲಿ ಶಿರಾಡಿನೋ ಚಾರ್ಮಾಡಿನೋ ಗುಡ್ಡ ಜರಿದು ಬಂದ್ ಆದ್ರೆ ಮಂಗಳೂರಿನ ಕೀಮೋ ತಾರೀಖಿಗೆ ಏನ್ ಮಾಡ್ತೀರಾ ಅನ್ನೋದೂ ಟ್ರೀಟ್‌ಮೆಂಟ್ ಪ್ರಶ್ನೆನೇ. ಆದ್ರೆ ಆಸ್ಪತ್ರೆ ಹೆಸರು ಸಿಕ್ಕಿದ ಕೂಡಲೇ ಎಲ್ಲಾ ನಿರ್ಧಾರನೂ ಮುಗೀತು, ಇನ್ನು ಅವರು ಹೇಳಿದ ಹಾಗೆ ಮಾಡೋದು ಅಂತ ಎಲ್ಲರೂ ಉಸ್ಸಪ್ಪಾ ಅಂದ್ಬಿಡ್ತಾರಲ್ಲ, ಅಲ್ಲೇ ನನ್ನ ತಕರಾರು.

ನಾನು ಡಾಕ್ಟರ್ ಅಲ್ಲ. ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳ್ಕೊಡೋಳು. ನಮ್ಮ ದೊಡ್ಡಮ್ಮಂಗೆ ಎದೆ ಕ್ಯಾನ್ಸರ್ ಆಯ್ತು, ಅದಾದ ಒಂದೆರಡು ವರ್ಷಕ್ಕೆ ಅಪ್ಪಂಗೆ ಪ್ರಾಸ್ಟೇಟು, ಅಂದ್ರೆ ಗಂಡಸರಿಗೆ ಮೂತ್ರಕೋಶದ ಕೆಳಗಿರೋ ಗ್ರಂಥಿದು. ಇಬ್ಬರ ಜೊತೆನೂ ಓಡಾಡಿದ್ದಕ್ಕೆ ಈಗ ನೆಂಟರಿಷ್ಟರಲ್ಲಿ, ಸ್ಟಾಫ್ ರೂಮಲ್ಲಿ, ಒಮ್ಮೊಮ್ಮೆ ಯಾರೋ ಸ್ಟೂಡೆಂಟ್ ಅಮ್ಮ ಕೂಡ, ಪ್ಲಾಸ್ಟಿಕ್ ಕವರಲ್ಲಿ ರಿಪೋರ್ಟು ಹಿಡ್ಕೊಂಡು "ಮೇಡಂ ಸ್ವಲ್ಪ ನೋಡಿ" ಅಂತ ಬರ್ತಾರೆ. ರಿಪೋರ್ಟ್ ನೋಡಿ ಹೀಗ್ ಮಾಡಿ ಅಂತ ಹೇಳೋ ಯೋಗ್ಯತೆ ನನಗಿಲ್ಲ, ಹೇಳೋದೂ ಇಲ್ಲ. ಡಾಕ್ಟರ್ ಹತ್ರ ಏನು ಕೇಳ್ಬೇಕು ಅನ್ನೋದನ್ನ ಮಾತ್ರ ಕೂತು ಬರೆದುಕೊಡ್ತೀನಿ.

ಬಂದೋರೆಲ್ಲರೂ ಹೆಚ್ಚುಕಮ್ಮಿ ಓಡ್ತಾ ಇರ್ತಾರೆ. ನಾಳೆನೇ ಅಡ್ಮಿಟ್, ನಾಡಿದ್ದು ಆಪರೇಷನ್, ತಡ ಮಾಡಿದ್ರೆ ಮೈಯೆಲ್ಲಾ ಹರಡಿಬಿಡುತ್ತೆ ಅನ್ನೋ ಹೆದರಿಕೆ. ನಿಜವಾಗಿಯೂ ಓಡಲೇಬೇಕಾದ ಸಂದರ್ಭಗಳಿವೆ. ಅಕ್ಯೂಟ್ ಲ್ಯುಕೇಮಿಯಾ, ಜೋರಾಗಿ ಬೆಳೆಯೋ ರಕ್ತದ ಕ್ಯಾನ್ಸರ್, ಅಂದ್ರೆ ದಿನಗಳ ಲೆಕ್ಕ. ಗೆಡ್ಡೆ ಬೆನ್ನುಹುರಿನ ಒತ್ತಿ ಕಾಲು ಸೋತು ಬರ್ತಿದೆ ಅಂದ್ರೆ ಗಂಟೆಗಳ ಲೆಕ್ಕ. ಕರುಳು ಕಟ್ಟಿಕೊಂಡಿದೆ, ರಕ್ತ ನಿಲ್ತಿಲ್ಲ, ಉಸಿರಾಟಕ್ಕೆ ತೊಂದರೆ ಆಗ್ತಿದೆ ಅಂದ್ರೂ ಅಷ್ಟೇ. ಆದ್ರೆ ಎದೆ, ಪ್ರಾಸ್ಟೇಟ್, ಥೈರಾಯ್ಡ್, ಇಂಥಾ ಬಹಳಷ್ಟು ಗಟ್ಟಿ ಗೆಡ್ಡೆ ಕ್ಯಾನ್ಸರುಗಳು ನಿಮ್ಮ ಮೈಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದ್ದು ಈಗ ಕಾಣಿಸಿಕೊಂಡಿರ್ತವೆ, ಹತ್ತು ಹದಿನೈದು ದಿನ ಕೂತು ಯೋಚನೆ ಮಾಡಿದ್ರೆ ಆಕಾಶ ಬೀಳಲ್ಲ. ಬಾಯಿ ಕ್ಯಾನ್ಸರಲ್ಲಿ ಅಷ್ಟೂ ಎಳೀಬಾರದು ಅಂತಾರೆ. ಅದಕ್ಕೇ ಮೊದಲ ಪ್ರಶ್ನೆಯಾಗಿ ನಾನು ಬರೆಯೋದು ಇದನ್ನ: ಸಾರ್, ನಿರ್ಧಾರ ಮಾಡೋಕೆ ನಮಗೆ ಎಷ್ಟು ದಿನ ಇದೆ? ಇದನ್ನ ಕೇಳಿದ್ರೆ ಒಳ್ಳೆ ಡಾಕ್ಟರ್ ಯಾರೂ ಸಿಟ್ಟಾಗಲ್ಲ. ಎರಡು ವಾರ ತಗೊಳ್ಳಿ ಅಂತಾರೆ, ಇಲ್ಲಾ ಈ ವಾರದೊಳಗೆ ಹೇಳಿ, ಕಾರಣ ಇದು ಅಂತಾರೆ. ಎರಡೂ ಉಪಯೋಗದ ಉತ್ತರನೇ.

ಆ ದಿನಗಳಲ್ಲಿ ಆಗಬೇಕಾದ ಕೆಲಸ ಕಾಗದಪತ್ರದ್ದು. ಬಯಾಪ್ಸಿ ಮಾಡಿದಾಗ ತೆಗೆದ ಚೂರನ್ನ ಮೇಣದ ಬ್ಲಾಕ್ ಮಾಡಿ ಇಟ್ಟಿರ್ತಾರೆ, ಅದರಿಂದ ಕೊಯ್ದ ಸ್ಲೈಡ್ ಇರ್ತವೆ. ಅವನ್ನ ಕೇಳಿ ಪಡೆದು ಬೇರೆ ಕಡೆ ಪೆಥಾಲಜಿಸ್ಟ್, ಅಂದ್ರೆ ಸ್ಲೈಡ್ ನೋಡಿ ಕಾಯಿಲೆ ಯಾವುದು ಅಂತ ಹೇಳೋ ಡಾಕ್ಟರ್, ಹತ್ರ ಇನ್ನೊಮ್ಮೆ ನೋಡಿಸಬಹುದು, ಸಾಮಾನ್ಯವಾಗಿ ಮತ್ತೆ ಚುಚ್ಚಿಸ್ಕೊಳ್ಳೋ ಅಗತ್ಯ ಇರಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಸೆಕೆಂಡ್ ಒಪೀನಿಯನ್ ಅಂದ್ರೆ ಎಲ್ಲಾ ಟೆಸ್ಟೂ ಮೊದಲಿಂದ ಅಂತ ಹೆದರಿ ಕೂತಿರ್ತಾರೆ. ರಿಪೋರ್ಟ್ ಕೊಡಲ್ಲ ಅಂತ ಯಾರಾದ್ರೂ ಸತಾಯಿಸಿದ್ರೆ ಇದೂ ಗೊತ್ತಿರಲಿ, ವೈದ್ಯರ ವೃತ್ತಿ ನಡವಳಿಕೆಗೆ 2002ರಲ್ಲಿ ಮೆಡಿಕಲ್ ಕೌನ್ಸಿಲ್ ಮಾಡಿದ ನಿಯಮದಲ್ಲಿ ರೋಗಿ ಕೇಳಿದ 72 ಗಂಟೆ ಒಳಗೆ ದಾಖಲೆ ಕೊಡಬೇಕು ಅಂತಿದೆ. ನಮ್ಮ ಅಣ್ಣ ಒಂದು ಕಡೆ ಇದನ್ನ ಮೆಲ್ಲಗೆ ಹೇಳಿದ್ದಕ್ಕೆ ಅರ್ಧ ಗಂಟೆಲಿ ಜೆರಾಕ್ಸ್ ಬಂತು. ಇನ್ನೊಂದು, ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು ಮುಂದೆ ನಿಂತು 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಅಂತ ಆಸ್ಪತ್ರೆಗಳ ಒಕ್ಕೂಟ ಇದೆ, ಅದರ ಜೊತೆ ಸೇರಿ ನವ್ಯಾ ಅನ್ನೋರು ಆನ್‌ಲೈನಲ್ಲಿ ರಿಪೋರ್ಟ್ ತರಿಸ್ಕೊಂಡು ತಜ್ಞರ ಅಭಿಪ್ರಾಯ ಕೊಡ್ತಾರೆ, ಮುಂಬೈ ರೈಲು ಹತ್ತದೆನೂ ಕೇಳಬಹುದು. ಬಯಾಪ್ಸಿ ಮಾಡಿದ್ರೆ ಹರಡುತ್ತೆ, ಸೂಜಿ ತಾಗಿಸಬಾರದು ಅನ್ನೋ ಮಾತು ನಮ್ಮೂರ ಕಟ್ಟೆ ಮೇಲೆ ಇನ್ನೂ ಇದೆ. ಬಯಾಪ್ಸಿ ಇಲ್ಲದೆ ಬಹಳಷ್ಟು ಸಲ ಯಾವ ಕ್ಯಾನ್ಸರ್ ಅಂತಾನೇ ಗೊತ್ತಾಗಲ್ಲ, ಮತ್ತೆ ಯಾವುದಕ್ಕೆ ಅಂತ ಔಷಧಿ ಕೊಡ್ತಾರೆ?

ದೊಡ್ಡಮ್ಮನ ವಿಷಯಕ್ಕೆ ಬರ್ತೀನಿ. ಆಲೂರು ತಾಲೂಕಲ್ಲಿ ಮನೆ, ವಯಸ್ಸು 62, ಎರಡು ಹಸು, ಒಂದು ಎಮ್ಮೆ, ಡೈರಿಗೆ ಹಾಲು ಹಾಕೋ ಹೆಂಗಸು. ಗೆಡ್ಡೆ ಚಿಕ್ಕದು, ಎರಡು ಸೆಂಟಿಮೀಟರಿನ ಹತ್ತಿರ. ಸ್ಕ್ಯಾನಲ್ಲಿ ಕಂಕುಳಿಗೆ ಹೋದ ಹಾಗೆ ಕಾಣಲಿಲ್ಲ. ಇಆರ್ ಪಾಸಿಟಿವ್, ಅಂದ್ರೆ ಈಸ್ಟ್ರೋಜೆನ್ ಹಾರ್ಮೋನಿನ ಆಸರೆಲಿ ಬೆಳೆಯೋದು, ಹರ್‌2 ನೆಗೆಟಿವ್, ಅಂದ್ರೆ ಗೆಡ್ಡೆನ ಜೋರಾಗಿ ಬೆಳೆಸೋ ಆ ಹೆಸರಿನ ಪ್ರೋಟೀನ್ ಜಾಸ್ತಿ ಇಲ್ಲ. ಮೈಸೂರಿನ ಸರ್ಜನ್ ಎರಡು ದಾರಿ ಇಟ್ಟರು, ಒಂದು ಗೆಡ್ಡೆ ಮಾತ್ರ ತೆಗೆದು ಆಮೇಲೆ ರೇಡಿಯೇಷನ್ ಕೊಡೋದು, ಇನ್ನೊಂದು ಇಡೀ ಎದೆ ತೆಗೆಯೋದು.

ಇಲ್ಲಿ ಸ್ವಲ್ಪ ಹಳೇ ಕಥೆ ಹೇಳ್ಬೇಕು. ನೂರು ವರ್ಷದ ಹಿಂದೆ ಎದೆ ಕ್ಯಾನ್ಸರ್ ಅಂದ್ರೆ ಅಮೆರಿಕದ ಹಾಲ್‌ಸ್ಟೆಡ್ ಹಾಕಿಕೊಟ್ಟ ಪದ್ಧತಿ, ಎದೆ, ಅದರ ಕೆಳಗಿನ ಮಾಂಸಖಂಡ, ಕಂಕುಳ ಗಂಟು ಎಲ್ಲಾ ಕೆರೆದು ತೆಗೆಯೋದು. ಜಾಸ್ತಿ ಕತ್ತರಿಸಿದಷ್ಟೂ ಒಳ್ಳೇದು ಅಂತ ಎಲ್ಲರೂ ನಂಬಿದ್ದರು, ಪರೀಕ್ಷೆ ಮಾಡಿ ನೋಡಿರಲಿಲ್ಲ. 1976ರಲ್ಲಿ ಬರ್ನಾರ್ಡ್ ಫಿಶರ್ ಅನ್ನೋ ಸರ್ಜನ್ ಮುಂದಾಳತ್ವದಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಶುರುವಾಯ್ತು, ಇಟಲಿಯ ಮಿಲಾನಲ್ಲಿ ವೆರೋನೆಸಿ ಅನ್ನೋರದ್ದು ಇನ್ನೊಂದು. ಎರಡರದ್ದೂ ಇಪ್ಪತ್ತು ವರ್ಷದ ಫಲಿತಾಂಶ 2002ರಲ್ಲಿ ಬಂತು, ಗೆಡ್ಡೆ ಮಾತ್ರ ತೆಗೆದವರೂ ಇಡೀ ಎದೆ ತೆಗೆಸಿಕೊಂಡವರೂ ಬದುಕಿದ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಅಂದ್ರೆ ಎಷ್ಟು ವರ್ಷ ಬದುಕ್ತಾರೆ ಅನ್ನೋ ಪ್ರಶ್ನೆಗೆ ಎರಡೂ ದಾರಿ ಒಂದೇ. ಬೆಂಗಳೂರಿನ ಸೊಸೆ ಇದನ್ನ ಓದಿಕೊಂಡು ಬಂದಿದ್ದಳು, "ಅತ್ತೆ, ಈಗ ಯಾರೂ ಪೂರ್ತಿ ತೆಗೆಸಲ್ಲ, ಅದು ಹಳೇ ಕಾಲದ್ದು" ಅಂತ ಅವಳ ಹಟ. ಯಾರೂ ತೆಗೆಸಲ್ಲ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಆದ್ರೆ ಅಧ್ಯಯನದ ಬಗ್ಗೆ ಅವಳ ಮಾಹಿತಿ ಸರಿ ಇತ್ತು.

ದೊಡ್ಡಮ್ಮ ಸರ್ಜನ್ನನ್ನೇ ಕೇಳಿದ್ರು, "ಗೆಡ್ಡೆ ಅಷ್ಟೇ ತೆಗ್ದು ಕರೆಂಟ್ ಕೊಡ್ದೆ ಬಿಟ್ರೆ ಏನಾಯ್ತದೆ?" ನಮ್ಮ ಕಡೆ ಹಳಬರು ರೇಡಿಯೇಷನ್‌ಗೆ ಕರೆಂಟ್ ಕೊಡೋದು ಅಂತಾನೇ ಅನ್ನೋದು. ಆ ಪ್ರಶ್ನೆಗೂ ಫಿಶರ್ ಅವರ ಅದೇ ಅಧ್ಯಯನದಲ್ಲಿ ಉತ್ತರ ಇದೆ. ರೇಡಿಯೇಷನ್ ಬಿಟ್ಟವರಲ್ಲಿ ಇಪ್ಪತ್ತು ವರ್ಷದಲ್ಲಿ ನೂರಕ್ಕೆ 39 ಜನಕ್ಕೆ ಅದೇ ಎದೆಲಿ ಮತ್ತೆ ಬಂತು, ಕೊಟ್ಟವರಲ್ಲಿ 14 ಜನಕ್ಕೆ. ಸರ್ಜನ್ ಇದನ್ನ ವಿವರಿಸಿ, 65 ದಾಟಿದ, ಸಣ್ಣ ಗೆಡ್ಡೆ ಇರೋ ಕೆಲವರಿಗೆ ರೇಡಿಯೇಷನ್ ಬಿಡಬಹುದು ಅಂತ ಈಚೆಗೆ ಗೊತ್ತಾಗಿದೆ, ಆದ್ರೆ ನಿಮಗೆ ನಾನು ಹಾಗೆ ಹೇಳಲ್ಲ, ನಿಮ್ಮದು ಎರಡೂ ಸೇರಿದ ಪ್ಯಾಕೇಜು ಅಂದ್ರು. ಎಷ್ಟು ದಿನ ಅಂದಿದ್ದಕ್ಕೆ ಅವರು ಹೇಳಿದ್ದು, ಮೊದಲೆಲ್ಲ ಐದು ವಾರ ಇತ್ತು, ಈಗ ಮೂರು ವಾರಕ್ಕೆ ಮುಗಿಸ್ತೀವಿ, ಬ್ರಿಟನ್ನಲ್ಲಿ 2020ರಲ್ಲಿ ಐದೇ ದಿನದಲ್ಲಿ ಮುಗಿಸೋ ಅಧ್ಯಯನವೂ ಬಂದಿದೆ ಆದ್ರೆ ನಾವಿಲ್ಲಿ ಮೂರು ವಾರ ಮಾಡೋದು.

ದೊಡ್ಡಮ್ಮ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಕೊಟ್ಟಿಗೆಲಿ ನನ್ನ ಕರೆದು ಹೇಳಿದ್ದು ಇಷ್ಟು. "ನೋಡ್ ಮಗ, ಮೂರ್ ವಾರ ನಾನ್ ಮೈಸೂರಲ್ಲಿ ಕೂತ್ರೆ ಎಮ್ಮೆ ಬತ್ತಿಸ್ಕತ್ತದೆ, ಅದ್ ಒಂದ್ ಇರ್ಲಿ, ಅದ್ಕೂ ಬ್ಯಾರೆ ದಾರಿ ಮಾಡ್ಬೌದು. ಆ ಎದೆನ ಉಳುಸ್ಕಂಡ್ರೆ ದಿನಾ ಬೆಳಿಗ್ಗೆ ಎದ್ದು ಮುಟ್ಟಿ ಮುಟ್ಟಿ ನೋಡ್ಕತ್ತಿರ್ತೀನಿ ಕಣೆ. ನಂಗ್ ಆ ರಗಳೆ ಬ್ಯಾಡ. ತೆಗ್ದ್ ಬಿಡ್ಲಿ." ಸರ್ಜನ್ ಎರಡೆರಡು ಸಲ ಕೇಳಿದ್ರು. ಪೂರ್ತಿ ತೆಗೆದ ಮೇಲೂ ಕಂಕುಳ ಗಂಟಲ್ಲಿ ಏನಾದ್ರೂ ಸಿಕ್ಕಿದ್ರೆ ಕರೆಂಟ್ ಬೇಕಾಗಬಹುದು ಅಂತಾನೂ ಹೇಳಿದ್ರು. ಅದಕ್ಕೂ ಹೂಂ ಅಂದ್ರು. ಪುಣ್ಯಕ್ಕೆ ಗಂಟಲ್ಲಿ ಏನೂ ಇರಲಿಲ್ಲ. ಈಗ ದಿನಕ್ಕೊಂದು, ಆ ಹಾರ್ಮೋನ್ ತಗ್ಗಿಸೋ ಲೆಟ್ರೋಜೋಲ್ ಮಾತ್ರೆ, ಐದು ವರ್ಷಕ್ಕೆ. ಕೀಲು ನೋವು ಅಂತ ಬೈಕೊಂಡೇ ನುಂಗ್ತಾರೆ.

ಸೊಸೆಗೆ ಇವತ್ತಿಗೂ ಬೇಜಾರಿದೆ, ಅತ್ತೆ ತಿಳುವಳಿಕೆ ಇಲ್ಲದೆ ಹೀಗ್ ಮಾಡಿದ್ರು ಅಂತ. ನನಗೆ ಹಾಗನ್ನಿಸಲ್ಲ. ಎರಡೂ ದಾರಿಲಿ ಆಯಸ್ಸು ಒಂದೇ ಅಂತ ಗೊತ್ತಿದ್ದು, ಎರಡರ ಕಷ್ಟನೂ ಕೇಳಿಸ್ಕೊಂಡು, ತನ್ನ ಸ್ವಭಾವ ಎಂಥದ್ದು ಅಂತ ನೋಡ್ಕೊಂಡು ಆರಿಸಿದ್ರು. ಇದಕ್ಕಿಂತ ಜಾಸ್ತಿ ತಿಳುವಳಿಕೆ ಇನ್ನೇನು ಬೇಕು? ಓದಿದವರು ಆರಿಸೋದನ್ನೇ ಆರಿಸಿದ್ರೆ ಮಾತ್ರ ತಿಳಿದು ಮಾಡಿದ್ದು, ಇಲ್ಲಾಂದ್ರೆ ಅಜ್ಞಾನ ಅನ್ನೋದು ನಮ್ಮ ಪೇಟೆ ಮಂದಿಯ ಅಹಂಕಾರ ಅಷ್ಟೇ.

ಆದ್ರೆ ದೊಡ್ಡಮ್ಮಂಗೆ ಈ ಅವಕಾಶ ಸಿಕ್ಕಿದ್ದೇ ಹೆಚ್ಚು. ನಾನು ನೋಡಿದ ಬಹಳಷ್ಟು ಕಡೆ ಡಾಕ್ಟರ್ ರಿಪೋರ್ಟ್ ನೋಡ್ತಾರೆ, "ಪೇಶೆಂಟ್ ಸ್ವಲ್ಪ ಹೊರಗಿರ್ಲಿ" ಅಂತಾರೆ, ಮಗನೋ ಅಳಿಯನೋ ಒಳಗೆ ಕೂರ್ತಾರೆ, ಕಾರಿಡಾರಲ್ಲಿ ಬೆಂಚಿನ ಮೇಲೆ ಕೂತ ಅಮ್ಮ ಬಾಗಿಲು ನೋಡ್ತಾ ಇರ್ತಾರೆ. ಆಚೆ ಬಂದ ಮಗ "ಏನಿಲ್ಲಮ್ಮ, ಸಣ್ಣ ಗಂಟು, ತೆಗೆದ್ರೆ ಸರಿಹೋಗುತ್ತಂತೆ" ಅಂತಾನೆ. ಪ್ರೀತಿಯಿಂದಲೇ ಹೇಳೋದು, ನಾನು ಅದನ್ನ ಅಲ್ಲಗಳೆಯಲ್ಲ. ಆದ್ರೆ ಕೂದಲು ಉದುರಿ, ಬಾಯಿ ಹುಣ್ಣಾಗಿ, ಪಕ್ಕದ ಬೆಡ್‌ನವರು ಯಾವ ವಾರ್ಡ್ ಅಂತ ಹೇಳಿದ ಮೇಲೆ ಅಮ್ಮಂಗೆ ಗೊತ್ತಾಗದೆ ಇರುತ್ತಾ? ಗೊತ್ತಾಗುತ್ತೆ, ಮಗನಿಗೆ ನೋವಾಗುತ್ತೆ ಅಂತ ಅವರೂ ಗೊತ್ತಿಲ್ಲದ ಹಾಗೆ ಇರ್ತಾರೆ. ಒಬ್ಬರನ್ನೊಬ್ಬರು ಕಾಪಾಡ್ತಾ ಕಾಪಾಡ್ತಾ ಮಾತಾಡಬೇಕಾದ ಎಲ್ಲಾ ಮಾತೂ ಉಳಿದುಹೋಗುತ್ತೆ.

ಕಾನೂನಿನ ಪ್ರಕಾರ ನೋಡಿದ್ರೂ ಇದು ಸರಿ ಇಲ್ಲ. ಸಮೀರಾ ಕೊಹ್ಲಿ ಪ್ರಕರಣ ಅಂತ ಒಂದಿದೆ, ಸುಪ್ರೀಂ ಕೋರ್ಟ್ 2008ರ ಜನವರಿಲಿ ತೀರ್ಪು ಕೊಟ್ಟಿದ್ದು. ಆ ಮಹಿಳೆ ಒಳಗೆ ಏನಾಗಿದೆ ಅಂತ ನೋಡೋ ಲ್ಯಾಪ್ರೋಸ್ಕೋಪಿಗೆ ಒಪ್ಪಿ ಮಲಗಿದ್ರು, ಅವರಿಗೆ ಅನಸ್ತೇಶಿಯಾ ಕೊಟ್ಟಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ ಅಂಡಾಶಯ ತೆಗೆದುಬಿಟ್ಟರು. ಕೋರ್ಟ್ ಹೇಳಿದ್ದು, ಪ್ರಾಣಕ್ಕೆ ಆ ಕ್ಷಣ ಅಪಾಯ ಇಲ್ಲದಿದ್ದಾಗ ವಯಸ್ಸಿಗೆ ಬಂದ, ಬುದ್ಧಿ ಸ್ಥಿಮಿತದಲ್ಲಿರೋ ರೋಗಿ ಪರವಾಗಿ ತಾಯಿ ಕೂಡ ಒಪ್ಪಿಗೆ ಕೊಡೋ ಹಾಗಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆ ಅಲ್ಲ. ಮಾಡೋದು ಏನು, ಯಾಕೆ, ಲಾಭ ಏನು, ಬೇರೆ ದಾರಿ ಇದ್ಯಾ, ದೊಡ್ಡ ಅಪಾಯಗಳೇನು, ಬೇಡ ಅಂದ್ರೆ ಏನಾಗುತ್ತೆ, ಇಷ್ಟನ್ನೂ ರೋಗಿಗೆ ಹೇಳಿರಬೇಕು. ನಮ್ಮಲ್ಲಿ ಆಗೋದೇನು, ಆಪರೇಷನ್ ಹಿಂದಿನ ರಾತ್ರಿ ಸಿಸ್ಟರ್ ಒಂದು ಇಂಗ್ಲಿಷ್ ಫಾರಂ ತಂದು "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಇಂಟು ಮಾರ್ಕ್ ಹಾಕಿ ಕೊಡ್ತಾರೆ. ಮಗ ಸೈನ್ ಹಾಕ್ತಾನೆ. ಅಪ್ಪ ಹೆಬ್ಬೆಟ್ಟು ಒತ್ತಿದ್ರೆ ಅದೇ ದೊಡ್ಡದು.

ಇನ್ನು ನಮ್ಮಪ್ಪ. ಮೂಡಿಗೆರೆ ಹತ್ರ ಸ್ವಲ್ಪ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, 67 ವರ್ಷ. ರಾತ್ರಿ ಮೂರ್ನಾಲ್ಕು ಸಲ ಏಳ್ತಾರೆ ಅಂತ ಅಮ್ಮ ಬಲವಂತ ಮಾಡಿ ಚಿಕ್ಕಮಗಳೂರಿಗೆ ಕಳಿಸಿದ್ದು, ಅಲ್ಲಿ ಪ್ರಾಸ್ಟೇಟಿಗೆ ಮಾಡೋ ರಕ್ತಪರೀಕ್ಷೆ ಪಿಎಸ್‌ಎ ಸ್ವಲ್ಪ ಜಾಸ್ತಿ ಬಂತು, ಎಂಆರ್‌ಐ ಆಯ್ತು, ಬಯಾಪ್ಸಿ ಆಯ್ತು. ಕ್ಯಾನ್ಸರ್ ಎಷ್ಟು ಜೋರು ಅಂತ ಹೇಳೋ ಗ್ಲೀಸನ್ ಸ್ಕೋರ್ 3+3, ಅಂದ್ರೆ ಆರು. ಕ್ಯಾನ್ಸರ್ ಅಂತ ಬರೆಯೋ ಪಟ್ಟಿಯಲ್ಲಿ ಅತ್ಯಂತ ಸಾಧು ದರ್ಜೆ. ಮೊದಲು ತೋರಿಸಿದ ಕಡೆ ಸರ್ಜನ್ ರೊಬೋಟಿಕ್ ಸರ್ಜರಿಗೆ ಡೇಟ್ ಕೊಟ್ಟೇ ಮಾತು ಶುರು ಮಾಡಿದ್ರು. ಬೇರೆ ದಾರಿ ಇದ್ಯಾ ಅಂತ ಕೇಳಿದ್ದಕ್ಕೆ "ಕ್ಯಾನ್ಸರ್ ಇಟ್ಕೊಂಡು ಕೂರ್ತೀರಾ?" ಅಂತ ಕೇಳಿದ್ರು. ಅಣ್ಣ ಅಲ್ಲೇ ಅಡ್ವಾನ್ಸ್ ಕಟ್ಟೋಕೆ ಕಾರ್ಡ್ ತೆಗೆದಿದ್ದ.

ಅಪ್ಪನೇ ಬೇಡ ಅಂದು ಎದ್ದು ಬಂದ್ರು. ಘಾಟಿ ಕೆಳಗಿನ ಇನ್ನೊಂದು ಕಡೆ ತೋರಿಸಿದಾಗ ಆ ಡಾಕ್ಟರು, ವಯಸ್ಸಾದವರು, ಮುಕ್ಕಾಲು ಗಂಟೆ ಕೂರಿಸ್ಕೊಂಡು ಮಾತಾಡಿದ್ರು. ಬ್ರಿಟನ್ನಲ್ಲಿ ಪ್ರೊಟೆಕ್ಟ್ ಅಂತ ಒಂದು ಅಧ್ಯಯನ ನಡೆದಿದೆ. 1999ರಿಂದ 2009ರವರೆಗೆ 50ರಿಂದ 69 ವಯಸ್ಸಿನ 82 ಸಾವಿರ ಗಂಡಸರಿಗೆ ಪಿಎಸ್‌ಎ ಮಾಡಿ, ಪ್ರಾಸ್ಟೇಟ್ ಒಳಗಷ್ಟೇ ಕ್ಯಾನ್ಸರ್ ಇದ್ದ 1643 ಜನರನ್ನ ಮೂರು ಗುಂಪು ಮಾಡಿದ್ರು, ಒಂದಕ್ಕೆ ಸರ್ಜರಿ, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಸುಮ್ಮನೆ ಪಿಎಸ್‌ಎ ನೋಡ್ತಾ ಕಾಯೋದು. 2023ರಲ್ಲಿ ಹದಿನೈದು ವರ್ಷದ ಲೆಕ್ಕ ಬಂತು. ಪ್ರಾಸ್ಟೇಟ್ ಕ್ಯಾನ್ಸರಿಂದ ಸತ್ತವರು ಮೂರೂ ಗುಂಪಲ್ಲಿ ನೂರಕ್ಕೆ ಎರಡು ಮೂರು ಜನ, ಅಷ್ಟೇ. ಬೇರೆ ಕಡೆ ಹರಡಿದ್ದು ಮಾತ್ರ ಕಾಯ್ತಾ ಇದ್ದವರಲ್ಲಿ ನೂರಕ್ಕೆ ಒಂಬತ್ತು ಚಿಲ್ಲರೆ, ಮಿಕ್ಕವರಲ್ಲಿ ಐದರ ಆಸುಪಾಸು. ಕಾಯೋ ಗುಂಪಿನವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಆ ಹದಿನೈದು ವರ್ಷದಲ್ಲಿ ಯಾವಾಗಲೋ ಒಮ್ಮೆ ಟ್ರೀಟ್‌ಮೆಂಟ್ ತಗೊಂಡಿದ್ದಾರೆ. ಅಂದ್ರೆ ಕಾಯೋದು ಅಂದ್ರೆ ಕೈಕಟ್ಟಿ ಕೂರೋದಲ್ಲ, ಬೇಕಾದಾಗ ಮಾಡಿಸೋದು. ಇನ್ನೊಂದು ಪಕ್ಕ ಏನಿದೆ ಅಂದ್ರೆ, ಸರ್ಜರಿ ಆದವರಲ್ಲಿ ಹನ್ನೆರಡು ವರ್ಷದ ಮೇಲೂ ನೂರಕ್ಕೆ 24 ಜನ ಮೂತ್ರ ಸೋರುತ್ತೆ ಅಂತ ಪ್ಯಾಡ್ ಹಾಕ್ತಿದ್ರು, ಕಾಯೋರಲ್ಲಿ 11, ರೇಡಿಯೇಷನ್ ಆದವರಲ್ಲಿ 8. ಇದು ಬೇಗ ಸಿಕ್ಕಿದ, ಒಳಗಷ್ಟೇ ಇರೋ ಕಾಯಿಲೆ ಲೆಕ್ಕ, ಗ್ಲೀಸನ್ ಎಂಟು ಒಂಬತ್ತು ಇದ್ದವರು ಇದನ್ನ ಓದಿ ಮನೇಲಿ ಕೂರಬಾರದು ಅಂತಾನೂ ಅವರು ಒತ್ತಿ ಹೇಳಿದ್ರು, ಹಾಗಾಗಿ ನಾನೂ ಇಲ್ಲಿ ಒತ್ತಿ ಬರೀತಿದೀನಿ.

ಗಂಡ ಹೆಂಡತಿ ವಿಷಯ ಬಂದಾಗ ನಾನೂ ಅಣ್ಣನೂ ಎದ್ದು ಆಚೆ ಹೋದ್ವಿ. ಮಕ್ಕಳ ಎದುರು ಯಾವ ಅಪ್ಪ ಆ ಪ್ರಶ್ನೆ ಕೇಳ್ತಾರೆ? ರೋಗಿನ ಆಚೆ ಕೂರಿಸಿ ಮಕ್ಕಳಿಗೆ ಹೇಳೋ ಬದಲು ಮಕ್ಕಳನ್ನ ಆಚೆ ಕಳಿಸಬೇಕಾದ ಹೊತ್ತೂ ಇರುತ್ತೆ. ಅಪ್ಪ ಅಮ್ಮ ಇಬ್ಬರೇ ಎಷ್ಟೋ ಹೊತ್ತು ಒಳಗಿದ್ರು, ಏನ್ ಮಾತಾಡಿದ್ರು ಅಂತ ನಾವು ಕೇಳಿಲ್ಲ.

ವಾಪಸ್ ಬರ್ತಾ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ನಿಲ್ಲಿಸಿದಾಗ ಅಪ್ಪ ಬಾಯಿ ಬಿಟ್ಟರು. "ಕಾಂಡಕೊರಕ ಬಂದ್ರೆ ಗಿಡ ಕಿತ್ತು ಸುಡ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಕಾಯಿಕೊರಕ ಬಂತು ಅಂತ ಯಾರಾದ್ರೂ ತೋಟ ಕೀಳ್ತಾರಾ ಮಾರಾಯ್ತಿ? ಕಣ್ಣಿಟ್ಟು ನೋಡ್ತಾ ಇರೋದು, ಜಾಸ್ತಿ ಆದ್ರೆ ಮಾಡೋದು ಮಾಡೋದು." ಆ ಡಾಕ್ಟರ್ ಮುಕ್ಕಾಲು ಗಂಟೆ ಹೇಳಿದ್ದನ್ನ ಅಪ್ಪ ತಮ್ಮ ತೋಟದ ಲೆಕ್ಕಕ್ಕೆ ಹಾಕ್ಕೊಂಡಿದ್ರು. ಅಣ್ಣ ಪ್ಲೇಟಿಂದ ತಲೆ ಎತ್ತಲಿಲ್ಲ.

ಆಮೇಲೆ ಶುರುವಾಯ್ತು ನೋಡಿ ಊರಿನ ಕಥೆ. ಕ್ಯಾನ್ಸರ್ ಇದ್ದೂ ಟ್ರೀಟ್‌ಮೆಂಟ್ ಕೊಡಿಸ್ತಿಲ್ವಂತೆ, ಇಬ್ಬರು ಮಕ್ಕಳೂ ದುಡಿಯೋರು, ದುಡ್ಡಿನ ಮುಖ ನೋಡ್ತಾರೆ ಅಂತ. ಮದುವೆ ಮನೆಲಿ ಒಬ್ಬರು ಅಮ್ಮನ ಹತ್ರ ನೇರವಾಗೇ ಅಂದ್ರು. ಜಾಸ್ತಿ ಮಾಡಿಸಿದ್ರೆ ಯಾರೂ ಬೈಯಲ್ಲ, ಆಸ್ತಿ ಮಾರಿ ಮಾಡಿಸಿದ್ರೂ ಶಹಬ್ಬಾಸ್ ಅಂತಾರೆ, ಕಮ್ಮಿ ಮಾಡಿಸಿದ್ರೆ ಕೆಟ್ಟ ಮಕ್ಕಳು. ಎಷ್ಟೋ ಆಪರೇಷನ್ನು, ಎಷ್ಟೋ ಕೊನೇ ಕೀಮೋಗಳು ಈ ಮಾತಿಗೆ ಹೆದರಿಯೇ ಆಗ್ತವೆ ಅಂತ ನನ್ನ ಅನುಮಾನ. ಮಾತಾಡಿದವರೇ ಮಾರನೇ ದಿನ ಲಕ್ಷ್ಮಣಫಲದ ಎಲೆ ತಂದ್ರು, ಇನ್ನೊಬ್ಬರು ಶಿವಮೊಗ್ಗ ಕಡೆಯಿಂದ ಯಾವುದೋ ತೊಗಟೆ. ಅಪ್ಪ ಎಲ್ಲಾ ಇಸ್ಕೊಂಡು ಅಟ್ಟದ ಮೇಲೆ ಇಟ್ಟಿದ್ದಾರೆ. ಗುಣ ಆಗೋ ಹಂತದ ಕ್ಯಾನ್ಸರಿಗೆ ಆಸ್ಪತ್ರೆ ಬಿಟ್ಟು ಬರೀ ಬದಲಿ ಔಷಧಿ ನಂಬಿದವರ ಲೆಕ್ಕ ಅಮೆರಿಕದಲ್ಲಿ ಮಾಡಿದ್ದಾರೆ, 2018ರಲ್ಲಿ ಬಂತು, ಸಾಯೋ ಅಪಾಯ ಎರಡೂವರೆ ಪಟ್ಟು, ಎದೆ ಕ್ಯಾನ್ಸರಲ್ಲಂತೂ ಐದೂವರೆ ಪಟ್ಟಿಗೂ ಮೇಲೆ. ಕೀಮೋ ಜೊತೆಗೆ ಕಷಾಯ ಕುಡಿಯೋರು ದಯವಿಟ್ಟು ಡಾಕ್ಟರ್‌ಗೆ ಹೇಳಿ ಕುಡೀರಿ, ಲಿವರ್ ಟೆಸ್ಟ್ ಏರುಪೇರಾದಾಗ ಯಾವುದರಿಂದ ಅಂತ ಅವರಿಗಾದ್ರೂ ಗೊತ್ತಾಗಬೇಕಲ್ಲ.

ಗಣಿತದ ಟೀಚರ್ ಆಗಿ ಒಂದು ಮಾತು ಸೇರಿಸ್ದೆ ಇದ್ರೆ ಸಮಾಧಾನ ಆಗಲ್ಲ. ಪರ್ಸೆಂಟೇಜ್ ಕೇಳಿದಾಗ ಯಾವುದರ ಪರ್ಸೆಂಟೇಜ್ ಅಂತ ಕೇಳಿ. ನೂರು ಜನದಲ್ಲಿ ಹತ್ತು ಜನಕ್ಕೆ ಕಾಯಿಲೆ ವಾಪಸ್ ಬರ್ತಿತ್ತು, ಒಂದು ಔಷಧಿಯಿಂದ ಅದು ಏಳಕ್ಕೆ ಇಳೀತು ಅನ್ಕೊಳ್ಳಿ. ಇದನ್ನ 30 ಪರ್ಸೆಂಟ್ ಕಮ್ಮಿ ಆಗುತ್ತೆ ಅಂತಲೂ ಹೇಳಬಹುದು, ನೂರಕ್ಕೆ ಮೂರು ಜನಕ್ಕೆ ಉಪಯೋಗ ಅಂತಲೂ ಹೇಳಬಹುದು. ಎರಡೂ ಸುಳ್ಳಲ್ಲ. ಮೊದಲನೇದನ್ನ ಕೇಳಿದವರು ಹೊಲ ಅಡ ಇಡ್ತಾರೆ, ಎರಡನೇದನ್ನ ಕೇಳಿದವರು ಒಂದು ರಾತ್ರಿ ಯೋಚನೆ ಮಾಡ್ತಾರೆ. "ನಮ್ಮ ಅಮ್ಮನ ತರದ ನೂರು ಜನರಲ್ಲಿ, ಈ ಔಷಧಿ ಕೊಟ್ರೆ ಎಷ್ಟು ಜನಕ್ಕೆ ಉಪಯೋಗ, ಕೊಡದೆ ಇದ್ರೂ ಎಷ್ಟು ಜನ ಚೆನ್ನಾಗಿರ್ತಾರೆ?" ಅಂತ ಕೇಳಿ, ಎದೆ ಕ್ಯಾನ್ಸರಿಗಾದ್ರೆ ಕೇಂಬ್ರಿಡ್ಜ್‌ನವರ ಪ್ರೆಡಿಕ್ಟ್ ಅನ್ನೋ ಸಾಧನ ಇದೇ ರೀತಿ ಲೆಕ್ಕ ತೋರಿಸುತ್ತೆ, ಡಾಕ್ಟರ್ ತಮ್ಮ ಕಂಪ್ಯೂಟರಲ್ಲೇ ತೆಗೆದು ತೋರಿಸಬಹುದು.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಟ್ರೀಟ್‌ಮೆಂಟ್ ಶುರು ಮಾಡೋಕೆ ಮುಂಚೆನೇ ಮಂಜೂರಾತಿ ಆಗಬೇಕು. ಗಾಬರಿಲಿ ಮೊದಲು ಕ್ಯಾಶ್ ಕಟ್ಟಿ ಆಮೇಲೆ ಕಾರ್ಡ್ ತೋರಿಸೋರು ಬಹಳ. 1973ರಿಂದ ಇರೋ ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಸಂಸ್ಥೆ, ದುಡ್ಡಿಲ್ಲ ಅಂತ ಮನೇಲಿ ಕೂರೋಕೆ ಮುಂಚೆ ಅಲ್ಲಿಗೆ ಹೋಗಬೇಕು. ಬೆಲೆ ಕೇಳಿ ಔಷಧಿ ಬಿಡೋಕೆ ಮುಂಚೆ ಇದರದ್ದೇ ಬಯೋಸಿಮಿಲರ್, ಅಂದ್ರೆ ಅದೇ ಕೆಲಸ ಮಾಡೋ ಇನ್ನೊಂದು ಕಂಪನಿಯ ಕಮ್ಮಿ ಬೆಲೆ ಔಷಧಿ, ಇದ್ಯಾ ಅಂತ ಕೇಳಿ. ಹರ್‌2 ಪಾಸಿಟಿವ್ ಇದ್ದವರಿಗೆ ಕೊಡೋ ಟ್ರಾಸ್ಟುಜುಮಾಬ್ ಒಂದು ಕಾಲಕ್ಕೆ ನಮ್ಮಂಥವರ ಕೈಗೆ ಎಟುಕದ ಮಾತಾಗಿತ್ತು, 2014ರಲ್ಲಿ ಬೆಂಗಳೂರಿನ ಬಯೋಕಾನ್ ಬಯೋಸಿಮಿಲರ್ ತಂತು, ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಇಳೀತು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ. ನಮ್ಮ ಸ್ಕೂಲಿನ ಸಹೋದ್ಯೋಗಿಯೊಬ್ಬರ ತಂದೆಗೆ ಶ್ವಾಸಕೋಶದ ಕ್ಯಾನ್ಸರ್, ಮೂಳೆಗೆ ಹೋಗಿತ್ತು. ಎರಡು ಬಗೆ ಕೀಮೋ ಮುಗಿದು ಮೂರನೇದು ಶುರು ಮಾಡೋಣ ಅಂತ ಆದಾಗ ಅವರು ಬಂದ್ರು. ನಾನು ಬರೆದುಕೊಟ್ಟಿದ್ದು ಒಂದೇ ಸಾಲು: ಈ ಕೀಮೋ ಗುಣ ಮಾಡೋಕಾ, ಕಾಯಿಲೆನ ಸ್ವಲ್ಪ ಕಾಲ ತಡೆಯೋಕಾ, ಇಲ್ಲಾ ನೋವು ಕಮ್ಮಿ ಮಾಡೋಕಾ? ಅಷ್ಟು ತಿಂಗಳಲ್ಲಿ ಆ ಮನೇಲಿ ಯಾರೂ ಇದನ್ನ ಕೇಳಿರಲಿಲ್ಲ. ಎಲ್ಲರೂ ಗುಣ ಆಗೋಕೆ ಅಂತಾನೇ ತಿಳ್ಕೊಂಡಿದ್ರು. ಡಾಕ್ಟರ್ ನಿಜ ಹೇಳಿದ್ರು, ಮೊದಲೇ ಕೇಳಿದ್ರೂ ಹೇಳ್ತಿದ್ರೇನೋ. ನೋವು ನಿರ್ವಹಣೆ ಅಂದ್ರೆ ಕೈ ಬಿಟ್ಟರು ಅಂತ ನಮ್ಮಲ್ಲಿ ಅರ್ಥ. ಬಾಸ್ಟನ್ನಲ್ಲಿ 2010ರಲ್ಲಿ ಇದೇ ತರದ ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಅಧ್ಯಯನ ಬಂತು, ಮಾಮೂಲಿ ಚಿಕಿತ್ಸೆ ಜೊತೆ ಮೊದಲಿಂದಲೇ ಪ್ಯಾಲಿಯೇಟಿವ್ ಕೇರ್, ಅಂದ್ರೆ ನೋವು ಸಂಕಟ ಕಮ್ಮಿ ಮಾಡೋ ಆರೈಕೆ, ಸಿಕ್ಕವರು ಕೊನೇಲಿ ಕಮ್ಮಿ ಕೀಮೋ ತಗೊಂಡ್ರು, ಖುಷಿಯಾಗಿದ್ರು, ಆದ್ರೂ ಜಾಸ್ತಿ ಬದುಕಿದ್ರು, ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳು ದಾಟಿದ್ರು, ಸಿಗದವರಲ್ಲಿ ಅರ್ಧದಷ್ಟು ಜನ 8.9. ಬೆಂಗಳೂರಿನಲ್ಲಿ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನ ನೋಡ್ಕೊಳ್ಳೋ ಕರುಣಾಶ್ರಯ ಇದೆ, ದುಡ್ಡು ತಗೊಳ್ಳಲ್ಲ. ಆದ್ರೆ ಆ ಹಿರಿಯರು ಎಲ್ಲೂ ಹೋಗಲ್ಲ ಅಂದ್ರು. ಮಾರ್ಫಿನ್ ಮಾತ್ರೆ ತರಿಸ್ಕೊಂಡು ಬೇಲೂರಿನ ಮನೇಲೇ ಇದ್ರು, ಮೊಮ್ಮಗಳ ನಾಮಕರಣದಲ್ಲಿ ಎಲ್ಲರ ಜೊತೆ ಎಲೆ ಮುಂದೆ ಕೂತು ಎರಡು ತುತ್ತು ಊಟ ಮಾಡಿದ್ರಂತೆ. ಮೂರನೇ ಕೀಮೋ ತಗೊಂಡಿದ್ರೆ ಇನ್ನಷ್ಟು ದಿನ ಇರ್ತಿದ್ರಾ ಅಂತ ಮಗ ಇವತ್ತಿಗೂ ಕೇಳ್ತಾರೆ. ನಾನೇನು ಹೇಳಲಿ. ಅವರ ಅಪ್ಪನಿಗೆ ಆ ಪ್ರಶ್ನೆ ಇರಲಿಲ್ಲ, ಅದಂತೂ ಗೊತ್ತು.

ನಮ್ಮಪ್ಪಂದು ಈಗ ಮತ್ತೆ ತೀರ್ಮಾನ ಆಗಬೇಕು. ಹೋದ ತಿಂಗಳು ಪಿಎಸ್‌ಎ ಸ್ವಲ್ಪ ಏರಿದೆ, ಮತ್ತೆ ಎಂಆರ್‌ಐ ಮಾಡಿ, ಬಹುಶಃ ಇನ್ನೊಂದು ಬಯಾಪ್ಸಿ ಅಂದಿದ್ದಾರೆ. ದರ್ಜೆ ಬದಲಾಗಿದ್ರೆ ಏನು ಅಂತ ಅಪ್ಪ ಈಗಲೇ ಕೇಳಿಟ್ಟುಕೊಂಡಿದ್ದಾರೆ, ಪ್ರಾಸ್ಟೇಟಿಗೆ ಐದೇ ಸಲ ಕೊಡೋ ರೇಡಿಯೇಷನ್ ಇದೆ, ವಾರಗಟ್ಟಲೆ ಕೊಡೋದಕ್ಕಿಂತ ಕಮ್ಮಿ ಏನಿಲ್ಲ ಅಂತ 2024ರಲ್ಲಿ ಅಧ್ಯಯನ ಬಂದಿದೆ ಅಂತ ಡಾಕ್ಟರ್ ಹೇಳಿದ್ದನ್ನ ಪಂಚಾಂಗದ ಹಿಂದೆ ಬರೆದುಕೊಂಡಿದ್ದಾರೆ. ಎಂಆರ್‌ಐ ರೋಬಸ್ಟಾ ಕೊಯ್ಲು ಮುಗಿಸ್ಕೊಂಡು ಮಾಡಿಸ್ತೀನಿ ಅನ್ನೋದು ಅವರ ವಾದ. ಅಷ್ಟು ದಿನ ಕಾಯಬಹುದಾ ಅಂತ ಡಾಕ್ಟರನ್ನ ಕೇಳಿದ್ವಿ, ಕಾಯಬಹುದು ಅಂದ್ರು. ಅಣ್ಣ ಮಾತ್ರ ಒಪ್ತಿಲ್ಲ, ಕಾಫಿ ಮುಖ್ಯನೋ ಜೀವ ಮುಖ್ಯನೋ ಅಂತ ಫೋನಲ್ಲಿ ಕೂಗಾಡ್ದ, ಅಪ್ಪನೂ ಕೂಗಿದ್ರು. ಭಾನುವಾರ ಊರಿಗೆ ಬರ್ತೀನಿ ಅಂದಿದ್ದಾನೆ, ನಾನೂ ಹೋಗ್ತಿದೀನಿ.